ಬಾಗಿಲು ತೆಗೆದ ಒಂದು

ಅಕ್ಕೋರು ತೀರಿಕೊಂಡ ಸುದ್ದಿ ನನಗೆ ಬಂದದ್ದು ಎಸ್ಸೆಮ್ಮೆಸ್ಸಿನಲ್ಲಿ. ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದ ಕನ್ನಡ. "ಅಕ್ಕೋರು ಹೋದ್ರು, ನಾಲ್ಕಕ್ಕ ಮಣ್ಣು" ಎಂದು ಓದಿಕೊಳ್ಳಲು ಎರಡು ಸಲ ನೋಡಬೇಕಾಯಿತು. ಒಂದು ತಾಸಿನೊಳಗೆ ಅದೇ ಸಂದೇಶ ಏಳು ಜನರಿಂದ ಬಂತು. ಏಳೂ ಜನ ಅವರ ಕೈಯಲ್ಲಿ ಅಕ್ಷರ ತಿದ್ದಿದವರೇ. ಒಬ್ಬನಾದರೂ ತನ್ನದೊಂದು ಶಬ್ದ ಸೇರಿಸಿದ್ದರೆ ಕೇಳಿ. ಬಂದದ್ದನ್ನು ಬಂದ ಹಾಗೆ ಮುಂದೆ ತಳ್ಳಿದ್ದರು. ನಾನೂ ಐದು ಜನರಿಗೆ ತಳ್ಳಿದೆ. ನನಗೇನು ಕೋಡು ಮೂಡಿವೆಯೇ?

ಮಣ್ಣಿಗೆ ಹೋದಾಗ ಇನ್ನೊಂದು ಕಂಡೆ. ಮೂರು ಜನ ಹುಡುಗರು ಮೊಬೈಲ್ ಎತ್ತಿ ಅವರ ಮುಖದ ಫೋಟೋ ತೆಗೆಯುತ್ತಿದ್ದರು. ಬದುಕಿದ್ದಾಗ ಫೋಟೋಕ್ಕೆ ಕರೆದರೆ "ನನ್ನ ಮಾರಿ ನೋಡಿ ಏನ್ ಮಾಡ್ತೀರಿ, ನಿಮ್ಮ ನಿಮ್ಮ ಅಕ್ಷರ ನೋಡ್ಕೋರಿ" ಎನ್ನುತ್ತಿದ್ದ ಹೆಂಗಸು. ನನಗೆ ಮೈಯೆಲ್ಲ ಉರಿಯಿತು. ಬೈಯಲು ಬಾಯಿ ತೆರೆದು ಹಾಗೇ ಮುಚ್ಚಿಕೊಂಡೆ. ಅಲ್ಲಿ ನೆರೆದವರಲ್ಲಿ ಸಿಟ್ಟಾಗುವ ಹಕ್ಕು ಎಲ್ಲರಿಗಿಂತ ಕಡಿಮೆ ಇದ್ದವನು ನಾನು. ಯಾಕೆಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರು ನಮ್ಮ ಕನ್ನಡ ಸಾಲೆಯಲ್ಲಿ ಒಂದನೆಯ ಇಯತ್ತೆಗೆ ಕಲಿಸುತ್ತಿದ್ದರು. ಒಂದನೆಯದನ್ನು ಬಿಟ್ಟು ಇನ್ನೊಂದಕ್ಕೆ ಕಲಿಸಲಿಲ್ಲ. ಮೇಲಿನ ಇಯತ್ತೆ ಕೊಡುತ್ತೇವೆಂದು ಹೆಡ್ ಮಾಸ್ತರರು ಹೇಳಿದಾಗ "ಬುನಾದಿ ಬಿಟ್ಟು ಮಾಳಗಿ ಕಟ್ಟೂದು ನಾ ಒಲ್ಲೆರಿ" ಎಂದರಂತೆ. ಕುಳ್ಳಗಿನ ಆಳು, ಇಳಕಲ್ ಸೀರೆ, ಸೆರಗಿನ ತುದಿಗೆ ಒಂದು ಗಂಟು. ಗಂಟಿನಲ್ಲಿ ರೊಕ್ಕವಿರುತ್ತಿರಲಿಲ್ಲ, ಹಲಗೆಯ ಮೇಲೆ ಬರೆಯುವ ಖಡುವಿನ ತುಂಡು ಇರುತ್ತಿತ್ತು. ನಿವೃತ್ತರಾದ ಮೇಲೂ ಆ ಗಂಟು ಬಿಡಲಿಲ್ಲ. ಹಾದಿಯಲ್ಲಿ ಅಂಗಡಿ ಬೋರ್ಡಿನ ಮೇಲೆ ತಪ್ಪು ಕಂಡರೆ ನಿಂತು ತಿದ್ದಿಯೇ ಮುಂದೆ ಹೋಗುವರು. ಹಿಟ್ಟಿನ ಗಿರಣಿಯವನು ಗೋಡೆಯ ಮೇಲೆ "ಗೋದಿ" ಎಂದು ಬರೆದದ್ದಕ್ಕೆ ಕೆಳಗೊಂದು ಗೀರು ಎಳೆದು "ಗೋಧಿ" ಮಾಡಿದ್ದನ್ನು ನಾನೇ ನೋಡಿದ್ದೇನೆ.

"ಬೀಸೂದಕ್ಕ ಎರಡೂ ಒಂದರಿ ಅಕ್ಕೋರ," ಎಂದ ಗಿರಣಿಯವ.

"ಬೀಸೂದು ನಿನ್ನ ಕಲ್ಲೋ. ಓದೂದು ಸಾಲಿ ಕೂಸು," ಎಂದರು.

ಅಂಕಿಯನ್ನು ಅವರು ಕನ್ನಡದಲ್ಲೇ ಕಲಿಸಿದರು, ಕನ್ನಡದಲ್ಲೇ ಬರೆದರು. ಬಸ್ಸಿನ ನಂಬರು, ಮನೆಯ ನಂಬರು, ಹಾಲಿನವನ ಕಾರ್ಡು ಎಲ್ಲವೂ ಕನ್ನಡ ಅಂಕಿ. ಒಂದಕ್ಕೂ ಸೊನ್ನೆಗೂ ಇರುವ ಭೇದ ಕಲಿಸಲು ಅವರು ಒಂದಿಡೀ ವಾರ ತೆಗೆದುಕೊಳ್ಳುತ್ತಿದ್ದರು. "ಒಂದು ಅಂದ್ರ ಮನಿ. ಮನಿಗೆ ಕೆಳಗ ಬಾಗಲಾ ಇರಬೇಕು. ಸೊನ್ನಿ ಅಂದ್ರ ಬಾವಿ. ಬಾವಿಗೆ ಎಲ್ಲಿ ಬಾಗಲಾ ಇರತೈತಿ?" ನಾವು ಪಾಟಿಯ ಮೇಲೆ ೧ ಬರೆಯುವ ಭರದಲ್ಲಿ ಕೆಳಗಿನ ಎರಡು ತುದಿ ಕೂಡಿಸಿಬಿಟ್ಟರೆ ಕಿವಿ ಹಿಂಡುವರು. "ಏ ಖೋಡಿ, ಮನ್ಯಾಗಿನ ಮಂದಿ ಹೊರಗ ಹೆಂಗ ಬರಬೇಕೋ? ಬಾಗಲಾ ತಗಿ!" ಮೂವತ್ತು ಜನ ಸಾಲಾಗಿ ಕೂತು "ಬಾಗಲಾ ತಗೀ, ಬಾಗಲಾ ತಗೀ" ಎಂದು ರಾಗವಾಗಿ ಒದರುತ್ತ ಒಂದು ಬರೆಯುತ್ತಿದ್ದೆವು. ಹಾದಿಯ ಮೇಲೆ ಹೋಗುವವರು ಈ ಸಾಲೆಗೆ ಏನಾಗಿದೆಯೋ ಎಂದು ಇಣುಕಿ ನೋಡುವರು.

ನಾನು ಡಿಗ್ರಿ ಮುಗಿಸಿ, ಎಲ್ಲಿಯೂ ನೌಕರಿ ಹತ್ತದೆ, ಕೇಶ್ವಾಪುರದಲ್ಲಿ ಸೈಬರ್ ಹಾಕಿದ್ದು ಎರಡು ಸಾವಿರದ ಒಂದೋ ಎರಡೋ ಇಸವಿಯಲ್ಲಿ. ಆರು ಕಂಪ್ಯೂಟರು, ಆರಕ್ಕೂ ಪ್ಲೈವುಡ್ಡಿನ ಗೂಡು, ಗೂಡಿಗೊಂದು ಪರದೆ. ಪರದೆ ಹಾಕದಿದ್ದರೆ ಗಿರಾಕಿ ಬರುತ್ತಿರಲಿಲ್ಲ.

ಬರುವವರ ವಯಸ್ಸನ್ನು ಅವರು ಬರುವ ಹೊತ್ತಿನ ಮೇಲೆ ಕಣ್ಣು ಮುಚ್ಚಿ ಹೇಳಬಹುದಿತ್ತು. ಮುಂಜಾನೆ ಪಿಂಚಣಿದಾರರು. ಚಪ್ಪಲಿ ಹೊರಗೆ ಬಿಟ್ಟು ಬರುವರು, ಪರದೆ ಸರಿಸಿ ಎಲ್ಲರಿಗೂ ಕಾಣುವ ಹಾಗೆ ಕೂಡುವರು. ಈಮೇಲಿನ ತಲೆಯ ಮೇಲೆ "ಶ್ರೀ" ಹಾಕದೆ ಮುಂದಿನ ಸಾಲು ಹೇಳುತ್ತಿರಲಿಲ್ಲ, "ಉಭಯ ಕುಶಲೋಪರಿ" ಎನ್ನುವುದನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಒತ್ತಿ ನನ್ನ ಬೆರಳು ಸವೆದವು. ಮಧ್ಯಾಹ್ನ ಕಾಲೇಜಿನವರು. ಚಪ್ಪಲಿ ಸಮೇತ ಒಳಗೆ, ಕೂತ ಕೂಡಲೇ ಪರದೆ ಸರ್ರನೆ ಎಳೆಯುವುದು. ಸಂಜೆ ಸಾಲೆ ಬಿಟ್ಟ ಚಿಳ್ಳೆಪಿಳ್ಳೆಗಳು. ಅವಕ್ಕೆ ಶ್ರೀಯೂ ಬೇಡ, ಪರದೆಯೂ ಬೇಡ. ಒಂದು ಕುರ್ಚಿಯ ಮೇಲೆ ಮೂವರು ಏರಿ ಕಾರು ಓಡಿಸಿ ಗೋಡೆಗೆ ಗುದ್ದಿಸಿ ಕೇಕೆ ಹಾಕುವುದು.

ಇನ್ನು ನಾನು. ಕೌಂಟರಿನ ಕಂಪ್ಯೂಟರಿನಲ್ಲಿ ಇಡೀ ದಿನ ಚಾಟಿಂಗು. ಹೆಸರು ಸುಳ್ಳು, ವಯಸ್ಸು ಸುಳ್ಳು, ಊರು ಸುಳ್ಳು. ಕೆನಡಾದವಳು ಎಂದು ಹೇಳಿಕೊಳ್ಳುವ ಒಬ್ಬಳ ಹಿಂದೆ ಆರು ತಿಂಗಳು ಬಿದ್ದಿದ್ದೆ. ಈಗ ಯೋಚಿಸಿದರೆ ಅವಳೂ ನನ್ನ ಹಾಗೇ ಗದಗಿನಲ್ಲೋ ಬೆಳಗಾವಿಯಲ್ಲೋ ಸೈಬರ್ ಹಾಕಿ ಕೂತ ಗಂಡಸೇ ಇರಬೇಕು. ಆಗ ಮಾತ್ರ ಅವಳ ಹೆಸರು ಕಂಪ್ಯೂಟರಿನ ಮೂಲೆಯಲ್ಲಿ ಮಿಣುಕಿತೆಂದರೆ ಎದುರಿಗೆ ಯಾರು ನಿಂತಿದ್ದಾರೆಂಬ ಎಚ್ಚರವೂ ನನಗಿರುತ್ತಿರಲಿಲ್ಲ.

ಅಕ್ಕೋರು ಈ ಯಾವ ಗುಂಪಿಗೂ ಸೇರಲಿಲ್ಲ. ಮೊದಲ ದಿನ ಬಾಗಿಲಲ್ಲೇ ನಿಂತು ಬೋರ್ಡು ಓದಿದರು, "ಇಂಟರ್‌ನೇಟ್" ಎಂದಿದ್ದುದರ ಒಂದು ಬಾಲ ಉಗುರಿನಿಂದ ಕೆರೆದರು. ಕುರ್ಚಿ ಕೊಟ್ಟರೆ ಕೂಡಲಿಲ್ಲ.

"ನಾ ಕುಂತ್ರ ನೀ ಹೆದರೂದಿಲ್ಲ," ಎಂದರು.

ಒಮ್ಮೆ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಈಮೇಲ್ ಹೇಳಿ ಬರೆಸಿದರು. ಎಲ್ಲ ಮುಗಿದ ಮೇಲೆ ಕಂಪ್ಯೂಟರಿಗೆ ಮೂಗು ಹತ್ತುವಷ್ಟು ಬಗ್ಗಿ ನೋಡಿ, "ಇದರಾಗ ನನ್ನ ಅಕ್ಷರ ಎಲ್ಲೈತೋ? ನಾನ ಬರದೇನಿ ಅಂತ ಅವಗ ಹೆಂಗ ತಿಳೀಬೇಕು?" ಎಂದು ಕೇಳಿದರು. ಕೆಳಗೆ ನಿಮ್ಮ ಹೆಸರಿದೆಯಲ್ಲ ಎಂದೆ. "ಹೆಸರು ಯಾರರೆ ಬರೀಬಹುದು," ಎಂದರು. ನಾನು ನಕ್ಕೆ.

ಅವರು ಆಮೇಲೆ ಬರತೊಡಗಿದ್ದು ತಮಗಾಗಿ ಅಲ್ಲ, ಓಣಿಯ ಹೆಣ್ಣುಮಕ್ಕಳಿಗಾಗಿ. ನನ್ನ ಪರದೆಗಳ ದೆಸೆಯಿಂದ ಮರ್ಯಾದಸ್ಥರು ಮಗಳನ್ನು ಸೈಬರಿಗೆ ಕಳಿಸುತ್ತಿರಲಿಲ್ಲ. ಪರೀಕ್ಷೆಯ ರಿಸಲ್ಟು, ಅರ್ಜಿಯ ಸ್ಥಿತಿ, ಇವೆಲ್ಲ ಆಗಷ್ಟೇ ನೆಟ್ಟಿಗೆ ಬರತೊಡಗಿದ್ದವು. ಹುಡುಗಿಯರು ಅಕ್ಕೋರಿಗೆ ನಂಬರು ತೋರಿಸುವರು, ಅಕ್ಕೋರು ಅದನ್ನು ತಮ್ಮ ಕನ್ನಡ ಅಂಕಿಯಲ್ಲಿ ಚೀಟಿಗೆ ಇಳಿಸಿಕೊಂಡು ನನ್ನಲ್ಲಿಗೆ ತರುವರು. ನೋಡಿಯಾದ ಚೀಟಿಯನ್ನು ನಾನು ಬಿಲ್ಲು ಚುಚ್ಚಿಡುವ ತಂತಿಗೆ ಚುಚ್ಚುತ್ತಿದ್ದೆ.

ಹಾಗೆ ಬಂದ ಚೀಟಿಗಳಲ್ಲಿ ಒಂದು ರೊಟ್ಟಿಯಾಕೆಯ ಮಗಳದ್ದು. ಅವಳವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಮಗಳು ಪಿಯೂಸಿ ಪಾಸಾಗಿ ಶಿಕ್ಷಕಿಯರ ತರಬೇತಿಗೆ ಅರ್ಜಿ ಹಾಕಿದ್ದಳು. ಸೀಟು ಸಿಕ್ಕರೆ ಧಾರವಾಡಕ್ಕೆ ಕಳಿಸುವುದು, ಸಿಗದಿದ್ದರೆ ಅದೇ ಶ್ರಾವಣದೊಳಗೆ ಸೋದರಮಾವನಿಗೆ ಕೊಟ್ಟು ಕೈ ತೊಳೆದುಕೊಳ್ಳುವುದು. ಇದು ಅವ್ವನ ಕರಾರು. ಮದುವೆಯನ್ನು ಅಲ್ಲಿಯತನಕ ತಡೆದು ನಿಲ್ಲಿಸಿದವರು ಅಕ್ಕೋರು. ಹುಡುಗಿಗೆ ಏನಾಗುತ್ತೀ ಎಂದು ಯಾರಾದರೂ ಕೇಳಿದರೆ "ಅಕ್ಕೋರ ಹಂಗ, ಒಂದನೇ ಇಯತ್ತೆಕ್ಕ ಕಲಸ್ತೇನಿ" ಎನ್ನುತ್ತಿದ್ದಳು.

ಹಿಂದಿನ ವರ್ಷದವರೆಗೆ ಆಯ್ಕೆಯಾದವರಿಗೆ ಪೋಸ್ಟಿನಲ್ಲಿ ಪತ್ರ ಬರುತ್ತಿತ್ತು. ಆ ವರ್ಷ ಅರ್ಜಿಯ ಹಿಂದೆ ಒಂದು ಸಾಲು ಸೇರಿತ್ತು: ಪತ್ರ ಬರುವುದಿಲ್ಲ, ನೆಟ್ಟಿನಲ್ಲಿ ನಂಬರು ನೋಡಿಕೊಳ್ಳಬೇಕು, ಹೇಳಿದ ದಿನ ಕಾಗದಪತ್ರ ತಂದು ಹಾಜರಾಗದಿದ್ದರೆ ಸೀಟು ಮುಂದಿನವರಿಗೆ. ಅಕ್ಕೋರು ಪಟ್ಟಿ ಬಂತೇ ಎಂದು ಹದಿನೈದು ದಿನ ತಿರುಗಿದರು. ನಾನು ಬೇಸತ್ತಾಗ "ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು, ಇವತ್ತಿಲ್ಲ ನಾಳೆ ಬರತೈತಿ ತಗೋ" ಎಂದು ನನಗೇ ಸಮಾಧಾನ ಹೇಳಿದರು.

ಪಟ್ಟಿ ಬಂದ ದಿನ ಮಧ್ಯಾಹ್ನ ಅವರು ಚೀಟಿ ಕೊಟ್ಟಾಗ ಕೆನಡಾದವಳು ಮೂಲೆಯಲ್ಲಿ ಮಿಣುಕುತ್ತಿದ್ದಳು. ನಾನು ಚೀಟಿಯನ್ನು ಒಂದು ಸಲ ನೋಡಿ, ಐದು ಅಂಕಿ ಒತ್ತಿ, ಆ ಪುಟ ತೆರೆಯುವುದರೊಳಗೆ ಅವಳಿಗೆ ಎರಡು ಸಾಲು ಉತ್ತರ ಕೊಟ್ಟೆ. ಪುಟದಲ್ಲಿ ಹೆಸರು ಬರುತ್ತಿರಲಿಲ್ಲ, ನಂಬರು ಮತ್ತು ಒಂದು ಮಾತು ಅಷ್ಟೇ. "ನಾಟ್ ಸೆಲೆಕ್ಟೆಡ್" ಎಂದಿತ್ತು.

"ಇಲ್ರಿ ಅಕ್ಕೋರ. ಆಗಿಲ್ಲ."

"ಇನ್ನೊಮ್ಮೆ ನೋಡೋ ತಮ್ಮಾ. ಛಲೋ ಮಾರ್ಕ್ಸ್ ಅದಾವು ಆಕಿವು."

"ಎಷ್ಟ ಸಲ ನೋಡಿದ್ರೂ ಅಷ್ಟರಿ. ಕಂಪ್ಯೂಟರ್ ಸುಳ್ಳ ಹೇಳೂದಿಲ್ಲ."

ಅವರು ಮೆಟ್ಟಿಲು ಇಳಿದು ಹೋದರು. ನಾನು ಚೀಟಿಯನ್ನು ತಂತಿಗೆ ಚುಚ್ಚಿ ಕೆನಡಾಕ್ಕೆ ಮರಳಿದೆ.

ಎಂಟು ಹತ್ತು ದಿನದ ಮೇಲೆ ಮತ್ತೆ ಬಂದರು. ಉಸಿರು ಹತ್ತಿತ್ತು. ಇವಳಿಗಿಂತ ಕಡಿಮೆ ಅಂಕದ ಹುಡುಗಿಯೊಬ್ಬಳಿಗೆ ಸೀಟು ಸಿಕ್ಕಿತ್ತು. ಈ ಸಲ ಚೀಟಿಯಲ್ಲ, ಹುಡುಗಿಯ ಅರ್ಜಿ ಕಾರ್ಡನ್ನೇ ತಂದಿದ್ದರು. ಕಾರ್ಡಿನ ಮೇಲೆ ಇಂಗ್ಲಿಷ್ ಅಂಕಿ ಅಚ್ಚಾಗಿತ್ತು. ಅದನ್ನು ನೋಡಿ ಒತ್ತಿದೆ. "ಸೆಲೆಕ್ಟೆಡ್" ಎಂದು ಬಂತು. ಹಾಜರಾಗುವ ದಿನ ಕಳೆದು ಮೂರು ದಿನವಾಗಿತ್ತು.

ಕೊನೆಯ ಅಂಕಿ ಒಂದು. ನಾನು ಮೊದಲ ಸಲ ಸೊನ್ನೆ ಒತ್ತಿದ್ದೆ. ಅದು ನನಗೆ ಹೊಳೆಯಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯಲಿಲ್ಲ.

"ಆಗೇತ್ರಿ," ಎಂದೆ.

"ಮತ್ತ ಅವತ್ತ ಇಲ್ಲ ಅಂದಿದ್ದಿ?"

"ನಿಮ್ಮ ಚೀಟಿಯಾಗ ಕಡೀ ಅಂಕಿ ಸೊನ್ನಿ ಇತ್ರಿ ಅಕ್ಕೋರ."

"ಸೊನ್ನಿ? ನಾ ಸೊನ್ನಿ ಬರದಿದ್ನಾ?"

"ಬಾಗಲಾ ಮುಚ್ಚಿತ್ರಿ," ಎಂದೆ.

ಬೇರೆ ಯಾವ ಮಾತು ಆಡಿದ್ದರೂ ಅವರು ನಂಬುತ್ತಿರಲಿಲ್ಲ. ಅವರದೇ ಮಾತನ್ನು ಅವರಿಗೇ ತಿರುಗಿಸಿ ಹೊಡೆದೆ. ಅವರು ತಮ್ಮ ಬಲಗೈಯನ್ನು ಎತ್ತಿ, ಅಂಗೈ ಮಗುಚಿ, ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದರು.

"ಎಲ್ಲೈತಿ ಚೀಟಿ? ತೋರಸು."

"ಹರದ ಒಗದೇನ್ರಿ."

ತಂತಿ ನನ್ನ ಮೊಣಕೈಯ ಪಕ್ಕದಲ್ಲೇ ಇತ್ತು.

"ಕಂಪ್ಯೂಟರ್ ಸುಳ್ಳ ಹೇಳೂದಿಲ್ಲ ಅಂದಿದ್ದಿ. ಖರೇನ ಅಂದಿದ್ದಿ ನೋಡು. ಸುಳ್ಳ ಹೇಳಿದ್ದು ನನ್ನ ಕೈ," ಎಂದರು. ಅವತ್ತು ಮೊದಲ ಸಲ ನಾನು ಕೊಟ್ಟ ಕುರ್ಚಿಯಲ್ಲಿ ಕೂತರು. ನೀರು ಕೊಟ್ಟೆ, ಕುಡಿದರು.

ಅವರು ಹೋದ ಮೇಲೆ ತಂತಿಯಿಂದ ಚೀಟಿ ತೆಗೆದು ನೋಡಿದೆ. ಸುಳ್ಳು ಹೇಳುವ ಮೊದಲು ನೋಡುವ ಧೈರ್ಯವಿರಲಿಲ್ಲ. ದುಂಡಗಿನ, ಒಂದರಂತೆ ಒಂದು ಐದು ಅಂಕಿ. ಕೊನೆಯ ಒಂದರ ಬಾಗಿಲು ಎಷ್ಟು ತೆರೆದಿತ್ತೆಂದರೆ ಚಕ್ಕಡಿ ಹಾಯಬಹುದಿತ್ತು. ಚೀಟಿಯನ್ನು ಡ್ರಾವರಿನ ತಳದಲ್ಲಿಟ್ಟೆ. ಹರಿದು ಒಗೆಯಲಿಲ್ಲ, ಯಾಕೆಂದು ಇವತ್ತಿಗೂ ಗೊತ್ತಿಲ್ಲ.

ಅಕ್ಕೋರು ಹುಡುಗಿಯನ್ನು ಕರೆದುಕೊಂಡು ಧಾರವಾಡಕ್ಕೆ ಎರಡು ಸಲ ಹೋಗಿಬಂದರು. ಸೀಟು ಮುಂದಿನವರಿಗೆ ಹೋಗಿಯಾಗಿತ್ತು, ನಿಯಮ ಮೊದಲೇ ಬರೆದಿತ್ತು. ಆಮೇಲೆ ರೊಟ್ಟಿಯಾಕೆಯ ಮನೆಗೆ ಹೋಗಿ ಹಂಚಿನ ಮುಂದೆ ನಿಂತು, "ನನ್ನ ಕೈಯಿಂದ ತಪ್ಪಾತವಾ" ಎಂದರಂತೆ. ರೊಟ್ಟಿಯಾಕೆ ಹಿಟ್ಟಿನ ಕೈಯಲ್ಲೇ ಎದ್ದು, "ಹೋಗ್ಲಿ ಬಿಡ್ರಿ ಅಕ್ಕೋರ, ಆಕಿ ಹಣ್ಯಾಗ ಬರದಿಲ್ಲ" ಎಂದಳಂತೆ.

"ಹಣ್ಯಾಗ ಬರದಿತ್ತವಾ. ನಾನ ಚೀಟ್ಯಾಗ ಬರೀಲಿಲ್ಲ."

ಈ ಮಾತು ಓಣಿಯಲ್ಲೆಲ್ಲ ಹರಡಿತು. ಜನ ಮರುಕದಿಂದಲೇ ಆಡಿಕೊಂಡರು. ಅಕ್ಕೋರಿಗೆ ಕಣ್ಣು ಮಂಜಾಗ್ಯಾವು, ಕೈ ನಡಗತಾವು, ವಯಸ್ಸಾತಲ್ಲ. ನನ್ನ ಸೈಬರಿನಲ್ಲಿ ಯಾರಾದರೂ ಆ ಮಾತು ತೆಗೆದರೆ ನಾನು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಕೇಳದಿದ್ದರೂ ಎಲ್ಲರಿಗಿಂತ ಮೊದಲು "ಹೌದು ಪಾಪ, ವಯಸ್ಸು" ಎನ್ನುತ್ತಿದ್ದೆ. ಹುಡುಗಿಯನ್ನು ಶ್ರಾವಣದೊಳಗೇ ಲಕಮನಹಳ್ಳಿಯ ಸೋದರಮಾವನಿಗೆ ಕೊಟ್ಟರು. ಅವನು ಅಲ್ಲಿಯ ಯಾವುದೋ ಕಾರಖಾನೆಯಲ್ಲಿ ಕೆಲಸಕ್ಕಿದ್ದ. ಉಳಿದ ಹೆಣ್ಣುಮಕ್ಕಳ ತಾಯಂದಿರು ಅಕ್ಕೋರಿಗೆ ನಂಬರು ಕೊಡುವುದನ್ನು ಸದ್ದಿಲ್ಲದೆ ನಿಲ್ಲಿಸಿದರು.

ಇಲ್ಲಿಗೇ ಮುಗಿದಿದ್ದರೆ ಹುಡುಗಾಟಿಕೆ, ಹೆದರಿಕೆ ಎಂದು ನನಗೆ ನಾನೇ ಹೇಳಿಕೊಳ್ಳಬಹುದಿತ್ತು. ಮುಗಿಯಲಿಲ್ಲ. ಆ ದೀಪಾವಳಿಯ ಹೊತ್ತಿಗೆ ಅವರ ಪಿಂಚಣಿ ಕಾಗದದ ಝೆರಾಕ್ಸ್ ಕೊಡಲು ಮನೆಗೆ ಹೋಗಿದ್ದೆ. ಹಿತ್ತಲ ಬಾಗಿಲ ಬೆಳಕಿಗೆ ಕೂತು ಏನೋ ಬರೆಯುತ್ತಿದ್ದರು. ಎರಡು ಗೆರೆಯ ಕಾಪಿ ಪುಸ್ತಕ, ಒಂದನೆಯ ಇಯತ್ತೆಯ ಮಕ್ಕಳದು. ಪುಟದ ತುಂಬ ೧. ಹಾಳೆ ಮಗುಚಿದರು, ಅಲ್ಲಿಯೂ ೧. ನಲವತ್ತು ವರ್ಷ ಊರ ಮಕ್ಕಳಿಗೆ ಒಂದು ತಿದ್ದಿಸಿದವರು ತಾವೇ ತಿದ್ದುತ್ತಿದ್ದರು.

"ಬಾರೋ. ಛಲೋ ವ್ಯಾಳ್ಯಾಕ್ಕ ಬಂದಿ," ಎಂದು ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. "ನಿನ್ನ ಕಣ್ಣ ಹರೇದ ಕಣ್ಣು. ನೋಡಿ ಹೇಳು, ಬಾಗಲಾ ಮುಚ್ಯಾವೇನು? ನನಗ ಎಲ್ಲಾ ತೆರದಂಗ ಕಾಣತಾವು."

ಎಲ್ಲವೂ ತೆರೆದಿದ್ದವು. ಒಂದೂ ತಪ್ಪಿರಲಿಲ್ಲ. ಹಾಗೆಂದು ಹೇಳಿದರೆ ಅವತ್ತಿನ ಚೀಟಿಯೂ ತೆರೆದೇ ಇತ್ತಲ್ಲ ಎಂಬಲ್ಲಿಗೆ ಬಂದು ಮುಟ್ಟುವರೆಂದು ನನಗೆ ಅನಿಸಿತು. ಅಕ್ಕೋರು ದಡ್ಡರಲ್ಲ.

"ಅಲ್ಲೊಂದು ಇಲ್ಲೊಂದು ಮುಚ್ಯಾವ್ರಿ," ಎಂದೆ.

"ಯಾವೂ?"

ನಾನು ಬೆರಳಿಟ್ಟು ಎರಡು ತೋರಿಸಿದೆ. ಅವರು ಕನ್ನಡಕ ಮೇಲೆತ್ತಿ, ಇಳಿಸಿ, ಪುಸ್ತಕವನ್ನು ಬೆಳಕಿಗೆ ಹಿಡಿದು, ಆ ಎರಡಕ್ಕೂ ಸಾಲೆಯಲ್ಲಿ ಹಾಕುತ್ತಿದ್ದಂತೆ ಕೆಂಪು ಪೆನ್ಸಿಲ್ಲಿನಿಂದ ಗೋಲು ಸುತ್ತಿದರು. "ನೋಡು, ನನಗ ಕಾಣಲೇ ಇಲ್ಲ," ಎಂದರು. ಒಳಗೆ ಹೋಗಿ ನನಗೆ ಕರದಂಟು ತಂದುಕೊಟ್ಟರು. ನಾನು ತಿಂದೆ. ತಿಂದೆನಲ್ಲ, ಅದಕ್ಕೇ ನನಗೆ ನನ್ನ ಮೇಲೆ ಹೇಸಿಗೆ.

ಆ ಮೇಲೆ ಅವರು ಬರೆದದ್ದನ್ನು ನಾನು ನೋಡಲಿಲ್ಲ. ಹಾಲಿನವನ ಕಾರ್ಡಿನ ಮೇಲೆ ಅವನೇ ಬರೆದುಕೊಳ್ಳುವನು, ಪೋಸ್ಟಿನ ಫಾರ್ಮನ್ನು ಬೇರೆಯವರ ಕೈಗೆ ಕೊಡುವರು. ಸೆರಗಿನ ತುದಿಯಲ್ಲಿ ಗಂಟು ಇರಲಿಲ್ಲ. ಗಿರಣಿಯವನು ಗೋಡೆಗೆ ಹೊಸ ಸುಣ್ಣ ಹೊಡೆಸಿ ಮತ್ತೆ "ಗೋದಿ" ಎಂದೇ ಬರೆಸಿದ. ಅಕ್ಕೋರು ದಿನಾ ಅದರ ಮುಂದೆಯೇ ಹಾಯ್ದು ಹೋಗುತ್ತಿದ್ದರು. ಅದು ಇವತ್ತಿಗೂ ಗೋದಿಯೇ.

ನನ್ನ ಸೈಬರೂ ಉಳಿಯಲಿಲ್ಲ. ಮನೆಮನೆಗೆ ನೆಟ್ಟು ಬಂತು, ಪರದೆಗಳು ಹೋದವು. ಈಗ ಅದೇ ಜಾಗದಲ್ಲಿ ಝೆರಾಕ್ಸು, ಮೊಬೈಲ್ ರೀಚಾರ್ಜು, ಫ್ಲೆಕ್ಸ್ ಬೋರ್ಡಿನ ಡಿ‌ಸೈನು. ಅಕ್ಕೋರ ಮಣ್ಣಾದ ಐದನೆಯ ದಿನ ಒಬ್ಬ ಹೆಂಗಸು ಬಂದಳು. ಮುಖ ನೋಡಿದ ಕೂಡಲೇ ಗುರುತು ಹತ್ತಿತು, ರೊಟ್ಟಿಯಾಕೆಯ ಮಗಳು.

"ಅಣ್ಣಾರ, ಅಕ್ಕೋರದೊಂದು ಬೋರ್ಡ ಮಾಡಿಕೊಡ್ರಿ. ಸಾಲಿ ಮುಂದ ಹಾಕಬೇಕು. ಹುಟ್ಟಿದ ಇಸವಿ, ಹೋದ ಇಸವಿ ಎಲ್ಲಾ ಕನ್ನಡ ಅಂಕ್ಯಾಗ ಇರಲಿರಿ."

ಹಾಳೆಯ ಮೇಲೆ ತಾನೇ ಬರೆದು ತಂದಿದ್ದಳು. ನಾನು ಟೈಪು ಮಾಡಿ, ದೂರಕ್ಕೂ ಎದ್ದು ಕಾಣಲೆಂದು ಅಂಕಿಗಳನ್ನು ದಪ್ಪ ಮಾಡಿ, ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದೆ. ಅವಳು ಬಗ್ಗಿ ನೋಡಿದಳು.

"ಒಂದರ ಬಾಗಲಾ ಮುಚ್ಚೇತಲ್ಲರಿ. ದಪ್ಪ ಆಗಿ ಕೂಡೇ ಬಿಟ್ಟೇತಿ. ಅಕ್ಕೋರು ಇದ್ದಿದ್ರ ನಿಮ್ಮ ಕಿವಿ ಹಿಂಡತಿದ್ರು." ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. "ಪಾಪ, ಕಡೀಕ ಅವರ ಕೈನೂ ಹಂಗ ಆಗಿತ್ತು. ಹೋಗೂ ಎಂಟ ದಿನಾ ಮೊದಲ ನೋಡಾಕ ಹೋಗಿದ್ದೆರಿ. ನನ್ನ ಕೈ ಹಿಡಕೊಂಡು 'ನನ್ನ ಒಂದು ಸೊನ್ನಿ ಆತಲ್ಲವಾ' ಅಂತ ಅತ್ರು. ನಾ ಎಂದೋ ಮಾಫ್ ಮಾಡೇನ್ರಿ ಅಕ್ಕೋರ, ಅಂದೆ. ಮತ್ತೇನ್ ಅನ್ನೂದು ಹೇಳ್ರಿ?"

ನಾನು ಡ್ರಾವರು ಎಳೆದೆ. ತಳದಿಂದ ಚೀಟಿ ತೆಗೆದು ಅವಳ ಮುಂದಿಟ್ಟೆ. ನಡುವೆ ತಂತಿಯ ತೂತು, ಮಡಿಕೆಗಳು ಹಳದಿಗಟ್ಟಿದ್ದವು. ಅವಳು ಅಕ್ಷರದ ಗುರುತು ಹಿಡಿದಳು. ತನ್ನ ನಂಬರನ್ನು ಒಂದೊಂದೇ ಅಂಕಿ ಬಾಯಿಬಿಟ್ಟು ಓದಿದಳು. ಕೊನೆಯದರ ಮೇಲೆ ಬೆರಳು ನಿಲ್ಲಿಸಿದಳು.

"ಇದು ಒಂದ ಐತಲ್ಲರಿ."

"ಹೌದವಾ. ತಪ್ಪ ಒತ್ತಿದಾಂವ ನಾನು."

ಅಂಗಡಿಯ ಮುಂದೆ ಯಾರೋ ರೀಚಾರ್ಜಿಗೆ ನಂಬರು ಕೂಗುತ್ತಿದ್ದರು. ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಚೀಟಿಯನ್ನು ಹಳೆಯ ಮಡಿಕೆಯ ಮೇಲೆಯೇ ಮಡಚಿ ನನ್ನ ಕಡೆಗೆ ಸರಿಸಿದಳು.

"ಹಂಗಾರ ನಾ ಅಕ್ಕೋರಿಗೆ ಮಾಫ್ ಮಾಡಿದ್ದು ಯಾತಕ್ಕರಿ?" ಎಂದಳು. ಬೋರ್ಡಿಗೆಂದು ತಂದಿದ್ದ ತನ್ನ ಹಾಳೆ ಎತ್ತಿಕೊಂಡು ಮೆಟ್ಟಿಲು ಇಳಿದವಳು ತಿರುಗಿ ನಿಂತಳು. "ಇಷ್ಟ ವರ್ಷ ಇಲ್ಲೇ ಎರಡ ಓಣಿ ಆಚೆ ಇದ್ರಲ್ಲರಿ ಅವರು. ಅವರಿಗೆ ತೋರಸಬೇಕಿತ್ತು. ನನಗ್ಯಾಕ ತೋರಸ್ತೀರಿ?"